ಕಲ್ಸಂಕದ ನೀರು, ನಗರಸಭೆಯ ಕಣ್ಣು

ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದಿಂದ ಉಡುಪಿ ಪೇಟೆಯ ಕಡೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಕಲ್ಸಂಕ. ಕಲ್ಲಿನ ಸಂಕ ಇದ್ದ ಜಾಗವೆಂದು ಹೆಸರೇ ಹೇಳುತ್ತದೆ. ಈಗ ಅಲ್ಲಿ ಕಲ್ಲೂ ಕಣ್ಣಿಗೆ ಬೀಳುವುದಿಲ್ಲ, ಸಂಕವೂ ಬೀಳುವುದಿಲ್ಲ. ಕೃಷ್ಣ ಮಠಕ್ಕೆ ತಿರುಗುವ ವಾಹನ, ಮಣಿಪಾಲಕ್ಕೆ ಏರುವ ಬಸ್ಸು, ಎರಡರ ನಡುವೆ ಸಿಕ್ಕಿಬಿದ್ದ ಸ್ಕೂಟರು, ಇಷ್ಟೇ. ಆದರೆ ಸಂಕ ಇದ್ದಲ್ಲಿ ಹೊಳೆ ಇರಲೇಬೇಕಲ್ಲ. ಇದೆ. ಇಂದ್ರಾಳಿಯ ಕಡೆ ಹುಟ್ಟಿ, ಇಲ್ಲಿ ರಸ್ತೆಯ ಅಡಿಯಲ್ಲಿ ನುಸುಳಿ, ಮಠದಬೆಟ್ಟು, ನಿಟ್ಟೂರು, ಕೊಡವೂರುಗಳ ಮೇಲಾಗಿ ಮಲ್ಪೆಯ ಹತ್ತಿರ ಕಡಲು ಸೇರುವ ಇಂದ್ರಾಣಿ. ಬೇಸಿಗೆಯಲ್ಲಿ ಅದು ಎಲ್ಲಿದೆಯೆಂದು ತಿಳಿಯಲು ಕಣ್ಣು ಬೇಕಿಲ್ಲ, ಮೂಗು ಸಾಕು.

ಉಡುಪಿಯ ಪುರಾಡಳಿತದ ಚರಿತ್ರೆಯನ್ನು ಶಂಕುಸ್ಥಾಪನೆಯ ಫಲಕಗಳಲ್ಲಿ ಓದಬಹುದು. ಈ ತೋಡಿನ ದಂಡೆಯಲ್ಲಿ ನಿಂತು ಓದಿದರೆ ಸಿಗುವ ಕಥೆ ಬೇರೆ. ಮನೆ, ನೀರು, ಕಕ್ಕಸು, ಚರಂಡಿ ಇವನ್ನೆಲ್ಲ ಪರಿಶೀಲಿಸಲು ನಾವು ಆರಿಸಿ ಕಳಿಸಿದವರ ಕಣ್ಣು ಎಲ್ಲಿಯವರೆಗೆ ಹೋಯಿತು, ಎಲ್ಲಿಗೆ ನಿಂತಿತು ಎಂಬುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

ಮೊದಲು ಬಂದದ್ದು ಬೋರ್ಡು. 1884ರ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯಿದೆ ಜಿಲ್ಲೆಗೊಂದು, ತಾಲೂಕಿಗೊಂದು ಬೋರ್ಡು ಮಾಡಿಕೊಟ್ಟಿತು. ರಸ್ತೆ, ಶಾಲೆ, ಆಸ್ಪತ್ರೆ, ಛತ್ರ ಅವುಗಳ ಸುಪರ್ದಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಉಡುಪಿಯಲ್ಲಿ ಇಂದಿಗೂ ‘ಬೋರ್ಡ್ ಹೈಸ್ಕೂಲು’ ಎಂದರೆ ಆಟೋದವನು ಮರುಪ್ರಶ್ನೆ ಹಾಕದೆ ಕರೆದೊಯ್ಯುತ್ತಾನೆ. ಬೋರ್ಡು ಹೋಗಿ ಎಷ್ಟೋ ಕಾಲವಾದರೂ ಶಾಲೆಯ ಹೆಸರಿನಲ್ಲಿ ಉಳಿದಿದೆ. ಆ ಬೋರ್ಡುಗಳಲ್ಲಿ ಸರಕಾರ ನೇಮಿಸಿದವರೂ ಜಮೀನುದಾರರೂ ವಕೀಲರೂ ಕುಳಿತರು. ತೆರಿಗೆ ಕಟ್ಟುವವನಿಗಷ್ಟೇ ಮತ. ಅಂಥ ಸಭೆಗೆ ರಸ್ತೆ, ಸೇತುವೆಗಳ ಲೆಕ್ಕ ನೋಡುವುದು ಸಲೀಸಾಗಿತ್ತು. ಒಬ್ಬನ ಮನೆಯ ಹಿತ್ತಿಲಿಗೆ ಹೋಗಿ ನೋಡುವುದು ಅದರ ಗುಣಕ್ಕೆ ಒಗ್ಗುವ ಕೆಲಸವಾಗಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ತೆರೆದು, ದಲಿತರಿಗೆ ಶಾಲೆಯ ಜೊತೆಗೆ ಮನೆಕಟ್ಟುಗಳನ್ನೂ ಮಾಡಿಕೊಟ್ಟದ್ದು ಇದೇ ಕಾಲದಲ್ಲಿ. ಬೋರ್ಡು ನೋಡದೆ ಬಿಟ್ಟ ಜಾಗವನ್ನು ಒಬ್ಬ ಮನುಷ್ಯ ತನ್ನ ಜಾತಿಯ ಬಹಿಷ್ಕಾರ ತಡೆದುಕೊಂಡು ನೋಡಿದ.

1934ರಲ್ಲಿ ತಾಲೂಕು ಬೋರ್ಡುಗಳನ್ನು ರದ್ದು ಮಾಡಿದರು. ಮರುವರ್ಷ, 1935ರಲ್ಲಿ, ಉಡುಪಿಗೆ ಪುರಸಭೆ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಪುರಸಭೆಗಳ ಕಾಯಿದೆ ಹಳೆಯ ಮದ್ರಾಸ್ ನಿಯಮಗಳ ಜಾಗದಲ್ಲಿ ಕೂತಿತು. ಇಂದಿಗೂ ನಮ್ಮ ನಗರಸಭೆ ನಡೆಯುವುದು ಆ ಕಾಯಿದೆಯ ಮೇಲೆಯೇ.

ಇನ್ನು 1968. ಈ ಕಥೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾದ ವರ್ಷ ಅದು. ಆ ವರ್ಷ ಉಡುಪಿ ಪುರಸಭೆ ಜನಸಂಘದ ಕೈಗೆ ಬಂತು. ದಕ್ಷಿಣ ಭಾರತದಲ್ಲಿ ಆ ಪಕ್ಷ ಮೊದಲು ಅಧಿಕಾರ ಹಿಡಿದ ಪುರಸಭೆ ಇದೆಂದು ರಾಜಕೀಯದವರು ನೆನಪಿಸುತ್ತಾರೆ. ಅಧ್ಯಕ್ಷರಾದವರು ವಿ.ಎಸ್. ಆಚಾರ್ಯ, ಮಣಿಪಾಲದಲ್ಲಿ ಓದಿ ಬಂದ ವೈದ್ಯ, ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಅವರು ಶಾಸಕರಾದರು, ಗೃಹ ಸಚಿವರಾದರು. ನನಗನ್ನಿಸುವಂತೆ ಅವರ ಬದುಕಿನ ದೊಡ್ಡ ಕೆಲಸ ಆಗಿ ಮುಗಿದದ್ದು ಆ ಚಿಕ್ಕ ಕುರ್ಚಿಯಲ್ಲೇ. ಪಕ್ಷ ಯಾವುದಾದರೂ ಇರಲಿ, ಈ ಮಾತು ಹೇಳಲು ಯಾರೂ ಹಿಂಜರಿಯಬೇಕಾಗಿಲ್ಲ.

ಆಗ ಪೇಟೆಯ ಮನೆಗಳ ಹಿಂದೆ ಇದ್ದದ್ದು ಒಣ ಕಕ್ಕಸು. ಹಿಂಬದಿಗೊಂದು ಕಿಂಡಿ, ಕೆಳಗೊಂದು ಡಬ್ಬ. ಬೆಳಿಗ್ಗೆ ಹಿಂದಿನ ಓಣಿಯಿಂದ ಬಂದವರು ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದರು. ಆ ಓಣಿ ಮನೆಯವರ ಓಡಾಟಕ್ಕಲ್ಲ, ಅವರಿಗೆಂದೇ ಬಿಟ್ಟದ್ದು. ದೇಶದ ಸಮಿತಿಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಮುಂಬಯಿ ಸರಕಾರ 1949ರಲ್ಲಿ ಬರ್ವೆ ಸಮಿತಿ ನೇಮಿಸಿತ್ತು. ಕೇಂದ್ರ ಸರಕಾರ 1957ರಲ್ಲಿ ಎನ್.ಆರ್. ಮಲ್ಕಾನಿಯವರ ಸಮಿತಿ ನೇಮಿಸಿತು. ವರದಿಗಳು ಬಂದವು, ಪುರಸಭೆಗಳಿಗೆ ಸುತ್ತೋಲೆಯಾಗಿ ಇಳಿದವು, ಕಪಾಟು ಸೇರಿದವು. ವರದಿಯನ್ನು ಜಾರಿ ಮಾಡಬೇಕಾದವನು ಊರಿನ ಕೌನ್ಸಿಲರ. ಅವನ ಮನೆಯ ಹಿಂದೆಯೂ ಅಂಥದೇ ಕಿಂಡಿ.

ಆಚಾರ್ಯರ ಅಧ್ಯಕ್ಷತೆಯಲ್ಲಿ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿತು. ದೇಶದಲ್ಲೇ ಮೊದಲು ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಠರಾವು ಬರೆಯಲು ಒಂದು ಹಾಳೆ ಸಾಕು. ಅದು ನಿಜವಾಗಬೇಕಾದರೆ ಮನೆಮನೆಯ ಕಕ್ಕಸನ್ನು ಒಡೆದು ನೀರು ಹಾಕುವ ಕಕ್ಕಸು ಕಟ್ಟಬೇಕು. ಅದಕ್ಕೆ ದಿನವೂ ನೀರು ಬೇಕು. ನೀರು ಹೋದಲ್ಲಿ ಗುಂಡಿ ಬೇಕು. ಇಲ್ಲಿ ಕರಾವಳಿಯ ನೆಲ ತಕರಾರು ತೆಗೆಯುತ್ತದೆ. ಇದು ಮುರಕಲ್ಲಿನ ನೆಲ, ಜೇನುಗೂಡಿನ ಹಾಗೆ ತೂತು. ವರ್ಷಕ್ಕೆ ಸರಿಸುಮಾರು 4,000 ಮಿಲಿಮೀಟರ್ ಮಳೆ. ಮನೆಗೊಂದು ಬಾವಿ, ಬಾವಿಯಿಂದ ಹತ್ತು ಹೆಜ್ಜೆಗೆ ಪಕ್ಕದ ಮನೆಯ ಗುಂಡಿ. ಮಳೆಗಾಲದಲ್ಲಿ ಎರಡರ ನೀರೂ ಒಂದೇ ಮಟ್ಟಕ್ಕೆ ಏರುತ್ತದೆ. ವೈದ್ಯನಾದ ಅಧ್ಯಕ್ಷನಿಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ.

ಹಾಗಾಗಿ ಒಂದು ಸುಧಾರಣೆ ಇನ್ನೆರಡನ್ನು ಎಳೆದು ತಂದಿತು. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಸ್ವರ್ಣಾ ನದಿಗೆ ಕಟ್ಟ ಹಾಕಿ ಪೇಟೆಗೆ ನಳ್ಳಿ ನೀರು ತಂದರು. ಪೇಟೆಯ ನಡುಭಾಗಕ್ಕೆ ಒಳಚರಂಡಿ ಹಾಕಿದರು. ಅಷ್ಟು ಹೊತ್ತಿಗೆ ರಾಜ್ಯದಲ್ಲಿ ದೇವರಾಜ ಅರಸರ ಸರಕಾರ ಬಂದಿತ್ತು. ಅವರ ಸಂಪುಟದ ಬಿ. ಬಸವಲಿಂಗಪ್ಪ ಮಲ ಹೊರುವುದನ್ನು ಕರ್ನಾಟಕಕ್ಕೆಲ್ಲ ಅನ್ವಯಿಸುವಂತೆ ನಿಲ್ಲಿಸಿದರು. ಒಂದು ಕಡೆ ಜನಸಂಘದ ಪುರಸಭಾಧ್ಯಕ್ಷ, ಇನ್ನೊಂದು ಕಡೆ ಅಂಬೇಡ್ಕರ್‌ವಾದಿ ಕಾಂಗ್ರೆಸ್ ಮಂತ್ರಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಒಂದೇ ಕಿಂಡಿಯನ್ನು ಮುಚ್ಚಲು ಕೈಹಾಕಿದ್ದರು ಎಂಬುದನ್ನು ಇಂದಿನ ಟಿವಿ ಚರ್ಚೆಗಳಲ್ಲಿ ಯಾರೂ ಹೇಳುವುದಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂತು, ಆಚಾರ್ಯರು ಜೈಲಿಗೆ ಹೋದರು.

ಆಮೇಲೆ ಪೈಪಿನ ಕಥೆ. ಡಬ್ಬದಲ್ಲಿದ್ದದ್ದು ಪೈಪಿಗೆ ಹೋಯಿತು, ಪೈಪು ನೆಲದಡಿಗೆ ಹೋಯಿತು. ಮನೆಯವನು ಬಕೆಟ್ ನೀರು ಸುರಿದ, ಕೈತೊಳೆದುಕೊಂಡ. ಕೌನ್ಸಿಲರನೂ ಹಾಗೆಯೇ ಮಾಡಿದ. ಊರು ಮಾತ್ರ ಸುಮ್ಮನೆ ಕೂರಲಿಲ್ಲ. 1990ರ ದಶಕದ ನಡುವೆ ಪುರಸಭೆ ನಗರಸಭೆಯಾಯಿತು; ಮಣಿಪಾಲ, ಮಲ್ಪೆ, ಕೊಡವೂರು, ಪುತ್ತೂರು ಒಳಗೆ ಬಂದವು; ವಾರ್ಡುಗಳು 35ಕ್ಕೆ ಏರಿದವು, ಕಡಿಯಾಳಿ ಅವುಗಳಲ್ಲೊಂದು. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲಾಕೇಂದ್ರವಾಯಿತು. ಮಣಿಪಾಲ ರಸ್ತೆಯ ಎರಡೂ ಬದಿ ವಸತಿ ಸಮುಚ್ಚಯಗಳೂ ಲಾಡ್ಜುಗಳೂ ಎದ್ದವು. ಇಷ್ಟಾದರೂ ಒಳಚರಂಡಿ ಹೆಚ್ಚುಕಡಿಮೆ ಹಳೆಯ ಪೇಟೆಯ ಸುತ್ತಲೇ ಉಳಿಯಿತು. ಏಷ್ಯಾ ಅಭಿವೃದ್ಧಿ ಬ್ಯಾಂಕು 1999ರಲ್ಲಿ ಕರಾವಳಿಯ ಮತ್ತು ಅದರ ಆಚೀಚೆಯ ಹತ್ತು ಪಟ್ಟಣಗಳಿಗೆಂದು ಸಾಲ ಮಂಜೂರು ಮಾಡಿತು. ನಮ್ಮವರ ಬಾಯಲ್ಲಿ ಅದು ‘ಕುಡ್ಸೆಂಪ್’. ಮಂಗಳೂರು, ಕಾರವಾರ, ಕುಂದಾಪುರಗಳ ಜೊತೆ ಉಡುಪಿಯೂ ಆ ಪಟ್ಟಿಯಲ್ಲಿತ್ತು. ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ ಇದೆ. ಅದು ಇದ್ದೂ ತೋಡಿನ ನೀರು ಕಪ್ಪಾಗಿ ಹರಿಯಿತು. ಮಠದಬೆಟ್ಟು, ನಿಟ್ಟೂರು, ಕೊಡವೂರಿನ ಬಾವಿಗಳ ನೀರು ಕುಡಿಯುವಂತಿಲ್ಲ ಎಂಬ ದೂರು ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತಲೇ ಇತ್ತು.

ಇದಕ್ಕೆ ಅಧಿಕಾರಿಗಳ ಸೋಮಾರಿತನ ಎಂದು ಹೇಳಿ ಮುಗಿಸಿದರೆ ಸುಲಭ. ನನಗೆ ಬೇರೊಂದು ಕಾರಣ ಕಾಣುತ್ತದೆ. ಡಬ್ಬ ಹೊತ್ತು ಹೋಗುವ ಮನುಷ್ಯ ಎಲ್ಲ ವಾರ್ಡಿನ ಎದುರಿಗೂ ಹಾದುಹೋಗುತ್ತಿದ್ದ. ನೋಡಲಾರೆವೆಂದು ಮುಖ ತಿರುಗಿಸಿದವರಿಗೂ ಅವನು ಕಂಡಿದ್ದ. ಕೊಳಚೆ ಪೈಪಿಗೆ ಹೊಕ್ಕಮೇಲೆ ಕಾಣುವುದು ಅದು ಒಡೆದು ಹೊರಬರುವ ಜಾಗದವರಿಗೆ ಮಾತ್ರ, ಅಂದರೆ ತಗ್ಗಿನಲ್ಲಿರುವ ಒಂದೆರಡು ವಾರ್ಡಿನವರಿಗೆ. ಕೌನ್ಸಿಲ್‌ನಲ್ಲಿ 35 ಜನ. ಕೆಳಗಿನ ಬಯಲಿನವರು ಎದ್ದು ಮಾತಾಡಿದರೆ ಮೇಲಿನ ಬೆಟ್ಟಿನವರು ಅಯ್ಯೋ ಪಾಪ ಅನ್ನುತ್ತಾರೆ, ನಡಾವಳಿಯಲ್ಲಿ ಒಂದು ಸಾಲು ಬರುತ್ತದೆ, ಮುಂದಿನ ವಿಷಯ ಬೀದಿದೀಪ. ಮಠದ ಪರ್ಯಾಯ ಉತ್ಸವದ ವರ್ಷವಾದರೆ ಅಷ್ಟೂ ಇಲ್ಲ, ಎಲ್ಲರ ಗಮನ ಡಾಮರಿನ ಮೇಲೆ. ಕಸದ ವಿಷಯವೂ ಹೀಗೆಯೇ. ನಗರದ ಕಸ ಹೋಗುವುದು ಅಲೆವೂರಿನ ಕರ್ವಾಲಿಗೆ. ಅದು ಗ್ರಾಮ ಪಂಚಾಯತಿಯ ಜಾಗ, ನಗರಸಭೆಯಲ್ಲಿ ಕರ್ವಾಲಿನವರಿಗೆ ಮತವಿಲ್ಲ.

2020ರ ಸೆಪ್ಟೆಂಬರ್ 20ರ ಭಾನುವಾರ ಬೆಳಗಾಗುವ ಹೊತ್ತಿಗೆ ಇಂದ್ರಾಣಿ ತಾನೇ ಸಭೆ ಕರೆಯಿತು. ರಾತ್ರಿಯಿಡೀ ಸುರಿದ ಮಳೆಗೆ ಕಲ್ಸಂಕ, ಮಠದಬೆಟ್ಟು, ಬನ್ನಂಜೆಯ ಕಡೆ ನೀರು ಮನೆಗಳ ಒಳಗೆ ಬಂತು. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ತೋಡಿನ ಜಾಗ ಎಷ್ಟಿತ್ತು, ಎಷ್ಟು ಉಳಿದಿದೆ, ಅದರ ಮೇಲೆ ಕಟ್ಟಿದ್ದಕ್ಕೆ ಪರವಾನಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಗಳು ನೀರಿನ ಜೊತೆ ಮೇಲೆ ಬಂದವು, ನೀರಿನ ಜೊತೆಗೇ ಇಳಿದವು.

ಆ ದಿನ ಉತ್ತರ ಹೇಳಬೇಕಾದ ಕೌನ್ಸಿಲ್ ಇತ್ತೇ? ಇರಲಿಲ್ಲ. ಇದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಉಡುಪಿ ನಗರಸಭೆಗೆ 2018ರ ಆಗಸ್ಟ್ ಕೊನೆಯಲ್ಲಿ ಚುನಾವಣೆ ನಡೆದಿತ್ತು. 35ರಲ್ಲಿ 31 ಸ್ಥಾನ ಬಿಜೆಪಿಗೆ, 4 ಕಾಂಗ್ರೆಸ್ಸಿಗೆ. ಇಷ್ಟು ಸ್ಪಷ್ಟ ಬಹುಮತ ಬಂದರೂ ಅಧ್ಯಕ್ಷರಿಲ್ಲ, ಸಭೆಯಿಲ್ಲ, ಸ್ಥಾಯಿ ಸಮಿತಿಯಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ವ್ಯಾಜ್ಯ ಹೈಕೋರ್ಟಿನಲ್ಲಿತ್ತು. ರಾಜ್ಯದ ಹೆಚ್ಚಿನ ಪುರಸಭೆ, ನಗರಸಭೆಗಳದ್ದೂ ಇದೇ ಗತಿ. ಗೆದ್ದವರು ಗೆದ್ದವರಾಗಿಯೇ ಉಳಿದರು, ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ ಉಳಿಯಿತು. 2019ರ ಬೇಸಿಗೆಯಲ್ಲಿ ಬಜೆಯಲ್ಲಿ ಸ್ವರ್ಣೆ ಬತ್ತಿದಾಗಲೂ ಹೀಗೇ. ನಳ್ಳಿ ನೀರು ಸರದಿಯ ಮೇಲೆ ಬಂತು, ಟ್ಯಾಂಕರ್ ಓಡಿದವು, ಕೊನೆಗೆ ಶಾಸಕರೂ ಊರವರೂ ನದಿಯ ಪಾತ್ರಕ್ಕಿಳಿದು ಶ್ರಮದಾನ ಮಾಡಿ ಹೊಂಡಗಳಲ್ಲಿ ನಿಂತ ನೀರನ್ನು ಬಜೆಯ ಕಡೆ ತಿರುಗಿಸಿದರು. ಶ್ರಮದಾನ ಒಳ್ಳೆಯದೇ. ಆದರೆ ಆ ಕಟ್ಟದ ಹೂಳನ್ನು ಮೊದಲೇ ಏಕೆ ತೆಗೆಸಲಿಲ್ಲವೆಂದು ಕಡತ ತರಿಸಿ ಕೇಳಬೇಕಾದ ಸ್ಥಾಯಿ ಸಮಿತಿಯ ಕುರ್ಚಿಯಲ್ಲಿ ಯಾರೂ ಕುಳಿತಿರಲಿಲ್ಲ.

2020ರ ಅಕ್ಟೋಬರಿನಲ್ಲಿ, ನೆರೆ ಇಳಿದು ತಿಂಗಳಾದ ಮೇಲೆ, ಸುಮಿತ್ರಾ ನಾಯಕ್ ಅಧ್ಯಕ್ಷರಾದರು. ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಮತ್ತೆ ಮೀಸಲಾತಿ ಪಟ್ಟಿ ಬರುವುದು ತಡ. ಮುಂದಿನ ಅಧ್ಯಕ್ಷರು ಬಂದದ್ದು 2024ರ ಆಗಸ್ಟಿನಲ್ಲಿ. ಹೀಗೆ ಲೆಕ್ಕ ಹಾಕಿದರೆ 2018ರಲ್ಲಿ ಮತ ಹಾಕಿದ ಕಡಿಯಾಳಿಯವನಿಗೆ ಆರು ವರ್ಷಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಿಲ್ಲದ ನಗರಸಭೆ ಸಿಕ್ಕಿತು.

ಸಮಿತಿ ಇದ್ದಾಗಲಾದರೂ ಅದು ಏನು ನೋಡುತ್ತದೆ? ಹೋಲಿಕೆಗೆ ಮಂಗಳೂರನ್ನು ನೋಡಿ. ಅದು 1980ರಲ್ಲಿ ಮಹಾನಗರಪಾಲಿಕೆ ಆಯಿತು. ಪಾಲಿಕೆಗೆ ನಾಲ್ಕು ಸ್ಥಾಯಿ ಸಮಿತಿ. ತೆರಿಗೆ ಮತ್ತು ಹಣಕಾಸಿಗೆ ಒಂದು, ಆರೋಗ್ಯ ಶಿಕ್ಷಣಗಳಿಗೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೇ ಪ್ರತ್ಯೇಕವಾಗಿ ಇನ್ನೊಂದು. ಉಡುಪಿಯಂಥ ನಗರಸಭೆಗೆ ಇರುವುದು ಒಂದೇ ಸ್ಥಾಯಿ ಸಮಿತಿ. ಬೀದಿನಾಯಿಯಿಂದ ಹಿಡಿದು ಟೆಂಡರಿನವರೆಗೆ ಎಲ್ಲವೂ ಅದೇ ಮೇಜಿಗೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ. 2011ರ ಜನಗಣತಿಯಲ್ಲಿ ಉಡುಪಿ ನಗರ ಅದರ ಅರ್ಧಕ್ಕೂ ಮುಟ್ಟಿರಲಿಲ್ಲ.

ಮನೆಯ ವಿಷಯವಂತೂ ಸ್ಥಾಯಿ ಸಮಿತಿಯ ಕೈಯಲ್ಲೇ ಇಲ್ಲ. ನಗರದಲ್ಲಿ ಬಡವರಿಗೆ ಮನೆ, ನಿವೇಶನ ಕೊಡುವ ಪಟ್ಟಿ ಮಾಡುವುದು ಆಶ್ರಯ ಸಮಿತಿ, ಅದರ ಅಧ್ಯಕ್ಷರು ಶಾಸಕರು. 1990ರ ದಶಕದ ಆರಂಭದಲ್ಲಿ ಆಶ್ರಯ ಯೋಜನೆ ಬಂದಾಗಿನಿಂದ ಇದೇ ರೂಢಿ. ಹಳ್ಳಿಯಲ್ಲಿ ಹಾಗಲ್ಲ. ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಹೇಬರ ಮಂಡಲ ಪಂಚಾಯತಿ 1987ರಲ್ಲಿ ಹಾಕಿಕೊಟ್ಟ ದಾರಿಯನ್ನು 1993ರ ಪಂಚಾಯತ್ ರಾಜ್ ಕಾಯಿದೆ ಮುಂದುವರಿಸಿತು. ಗ್ರಾಮ ಪಂಚಾಯತಿಗೆ ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಲಭ್ಯ ಎಂದು ಮೂರು ಸಮಿತಿ ಕೊಟ್ಟಿತು. ವಸತಿ ಫಲಾನುಭವಿಗಳ ಹೆಸರನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು. ಜಮಾಬಂದಿಯಲ್ಲಿ ಕಡತ ಬಿಚ್ಚಿ, ಕಟ್ಟಿದ ಮೋರಿಯನ್ನು ಅಳೆದು ನೋಡಬಹುದು. ಇದೆಲ್ಲ ಎಲ್ಲ ಕಡೆ ಶಾಸ್ತ್ರೋಕ್ತವಾಗಿ ನಡೆಯುತ್ತದೆಂದು ನಾನು ಹೇಳುತ್ತಿಲ್ಲ; ಗ್ರಾಮಸಭೆಗಳಲ್ಲಿ ಕುರ್ಚಿ ಹೆಚ್ಚು, ಜನ ಕಡಿಮೆ ಇರುವುದನ್ನೂ ನೋಡಿದ್ದೇವೆ. ಆದರೂ ಅಲೆವೂರಿನ ಹೆಂಗಸೊಬ್ಬಳು ಎದ್ದು ನಿಂತು, ಅವನಿಗೆ ತಾರಸಿ ಮನೆ ಇದೆ, ಅವನ ಹೆಸರು ಈ ಪಟ್ಟಿಗೆ ಹೇಗೆ ಬಂತು ಎಂದು ಕೇಳಬಹುದು. ಕಡಿಯಾಳಿಯ ಹೆಂಗಸು ಹಾಗೆ ಎದ್ದು ನಿಲ್ಲಲು ಅವಳ ವಾರ್ಡಿಗೆ ಅಂಥದೊಂದು ಸಭೆಯೇ ಇಲ್ಲ. ಪೇಟೆಯವರು ತಾವೇ ಮುಂದುವರಿದವರೆಂದು ತಿಳಿದಿರುತ್ತಾರೆ, ಈ ಒಂದು ಹಕ್ಕಿನಲ್ಲಿ ಹಳ್ಳಿಯವರಿಗಿಂತ ಹಿಂದೆ.

ಮತ್ತೆ ಆ ಡಬ್ಬ ಹೊರುತ್ತಿದ್ದವರ ಕಡೆಗೆ ಬರಬೇಕು. ಅವರ ತಲೆಯ ಭಾರ ಇಳಿದ ಮೇಲೆ ಅವರು ಎಲ್ಲಿ ಉಳಿದರು, ಯಾವ ಮನೆಯಲ್ಲಿ? ಬಸವಲಿಂಗಪ್ಪನವರ ಕಾಲದಲ್ಲೇ ರಾಜ್ಯ ಸರಕಾರ ಐ.ಪಿ.ಡಿ. ಸಾಲಪ್ಪ ಸಮಿತಿಯನ್ನು ನೇಮಿಸಿತು. ಪೌರಕಾರ್ಮಿಕರ ಬದುಕು, ದುಡಿಮೆ, ವಸತಿ ಎಲ್ಲವನ್ನೂ ಅದು ನೋಡಿತು. 1976ರ ಅದರ ವರದಿಯ ಒಂದು ಅಂಕಿ ಇಂದಿಗೂ ಪೌರಕಾರ್ಮಿಕ ಸಂಘಗಳ ಬಾಯಲ್ಲಿದೆ: 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ. ನಂತರದ ಸರಕಾರಗಳು ಆ ಲೆಕ್ಕವನ್ನು ಸಡಿಲಿಸಿದವೇ ಹೊರತು ಬಿಗಿ ಮಾಡಲಿಲ್ಲ. ನಡುವೆ ಗುತ್ತಿಗೆ ಪದ್ಧತಿ ಬಂತು. ಕೆಲಸ ನಗರಸಭೆಯದು, ಕೆಲಸಗಾರ ಗುತ್ತಿಗೆದಾರನವನು. ಸಮಿತಿಯ ಮುಂದೆ ಬರುತ್ತಿದ್ದದ್ದು ಗುತ್ತಿಗೆದಾರನ ಬಿಲ್ಲು. ಕೆಲಸಗಾರನ ಮನೆ ಸೋರುತ್ತಿದೆಯೇ ಎಂಬುದು ಬಿಲ್ಲಿನಲ್ಲಿ ಇರುತ್ತಿರಲಿಲ್ಲ.

ಪುರಸಭೆಯೊಂದರ ಕಣ್ಣು ಪೂರ್ತಿ ಮುಚ್ಚಿದರೆ ಏನಾಗುತ್ತದೆಂದು ತೋರಿಸಿದ ಊರು ಹಾವೇರಿ ಜಿಲ್ಲೆಯ ಸವಣೂರು. ಅಲ್ಲಿ ತಲೆಮಾರುಗಳಿಂದ ಮಲ ಬಳಿಯುತ್ತಿದ್ದ ಭಂಗಿ ಕುಟುಂಬಗಳು ವಾಸವಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿತು. ಆ ಕುಟುಂಬಗಳಿಗೆ ನೀರೂ ನಿಂತಿತು. 2010ರ ಜುಲೈ 20ರಂದು ಅವರು ಪುರಸಭೆ ಕಚೇರಿಯ ಎದುರು ನಿಂತು ಮೈಮೇಲೆ ಮಲ ಸುರಿದುಕೊಂಡರು. ಮನವಿ ಕೊಟ್ಟರೆ ಯಾರೂ ಓದಿರಲಿಲ್ಲ. ಇದನ್ನು ರಾಜ್ಯವೇ ನೋಡಿತು, ಮಂತ್ರಿಗಳು ಮಠಾಧೀಶರು ಓಡಿಬಂದರು. ಉಡುಪಿ ಆಚಾರ್ಯರ ಕಾಲದಲ್ಲೇ ಹೊಸ್ತಿಲು ದಾಟಿಸಿದ್ದು ಸವಣೂರಿನಲ್ಲಿ ದಶಕಗಳ ಮೇಲೂ ಕಚೇರಿಯ ಬಾಗಿಲಲ್ಲಿತ್ತು. ಕಾನೂನು ಎರಡೂ ಊರಿಗೆ ಒಂದೇ, 1964ರದ್ದು.

ಉಡುಪಿಯವರು ಇದನ್ನು ಓದಿ ನಿಟ್ಟುಸಿರು ಬಿಟ್ಟು ಹಗುರಾಗಬೇಕಿಲ್ಲ. ಬೀಡಿನಗುಡ್ಡೆಯಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಎಷ್ಟೋ ವರ್ಷ ಜೋಪಡಿಗಳಲ್ಲಿ ಕಳೆದರು. ನಮ್ಮ ಸಮುಚ್ಚಯಗಳಿಗೆ ಕಲ್ಲು ಹೊತ್ತವರು ಅವರೇ. ಅವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರಲಿಲ್ಲ, ಆಶ್ರಯದ ಪಟ್ಟಿಗೂ ಬರಲಿಲ್ಲ. ಹೆರ್ಗದ ಸರಳೇಬೆಟ್ಟಿನಲ್ಲಿ ಈಚೆಗೆ ವಸತಿರಹಿತರಿಗೆಂದು ಬಹುಮಹಡಿ ಸಮುಚ್ಚಯ ಎದ್ದಿದೆ. ಮನೆಗಳ ಬೀಗದಕೈ ಕೊಡುವ ದಿನ ಭಾವಚಿತ್ರ ತೆಗೆಯಲು ಎಲ್ಲರೂ ಬರುತ್ತಾರೆ. ಆಮೇಲೆ ಆ ಕಟ್ಟಡದ ನೀರು ಎಲ್ಲಿಗೆ ಇಳಿಯುತ್ತದೆ, ಲಿಫ್ಟ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬುದನ್ನು ಯಾವ ಸಮಿತಿ ನೋಡುತ್ತದೋ ನೋಡಬೇಕು.

ನಗರಸಭೆಯ ಸಾಮಾನ್ಯ ಸಭೆಗಳು ಸತ್ಯಮೂರ್ತಿ ಸಭಾಂಗಣದಲ್ಲಿ ನಡೆಯುತ್ತವೆ. ಕಾಯಿದೆಯ ಪ್ರಕಾರ ಅವು ಸಾರ್ವಜನಿಕರಿಗೆ ತೆರೆದ ಸಭೆಗಳು. ಹೋಗಿ ಕುಳಿತು ನೋಡಿದ ಕಡಿಯಾಳಿಯವರು ಎಷ್ಟು ಮಂದಿ? 2020ರ ಕೊನೆಯಲ್ಲಿ ಕುಳಿತ ಕೌನ್ಸಿಲಿಗೆ ಇದ್ದದ್ದು ಐದು ವರ್ಷದ ಅವಧಿ. ಮುಂದಿನ ಸಲ ಮತ ಕೇಳಲು ಮನೆಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಡಿ. ಆಮೇಲೆ ಕಲ್ಸಂಕದಿಂದ ತೋಡಿನ ದಂಡೆ ಹಿಡಿದು ಮಠದಬೆಟ್ಟಿನವರೆಗೆ ಒಮ್ಮೆ ನಡೆಸಿಕೊಂಡು ಹೋಗಿ, ಅಲ್ಲಿನ ಒಂದು ಬಾವಿಯನ್ನು ಬಗ್ಗಿ ನೋಡಲು ಹೇಳಿ.